ಮಿದುಳುಜನ್ಯ ದೃಷ್ಟಿಮಾಂದ್ಯವುಳ್ಳ ಮಕ್ಕಳಿಗೆ ಸಂವಹನ ಸಾಧನಗಳು

ಮಾತು ಬಾರದ ಮಗುವಿಗೆ ಹೇಳಬೇಕಾದುದೇನೂ ಇಲ್ಲವೆಂದು ಭಾವಿಸುವುದು ಎಷ್ಟು ತಪ್ಪೆಂಬುದು ಈಗ ವಿವಾದದ ವಿಷಯವಾಗಿ ಉಳಿದಿಲ್ಲ. ನಾಲಗೆ, ತುಟಿ, ಗಂಟಲುಗಳ ಸ್ನಾಯುಗಳು ಮನಸ್ಸಿನ ಆಜ್ಞೆಗೆ ಒಳಪಡದೆ ಹೋದಾಗ ಚಿತ್ರವನ್ನು ಮುಟ್ಟಿಯೋ, ಗುಂಡಿಯನ್ನು ಒತ್ತಿಯೋ, ಕಣ್ಣನ್ನು ಹೊರಳಿಸಿಯೋ ತನ್ನ ಇಷ್ಟಾನಿಷ್ಟಗಳನ್ನು ತಿಳಿಸುವಂತೆ ಮಗುವನ್ನು ಅಣಿಗೊಳಿಸಬಹುದು. ಇದಕ್ಕೆ ನೆರವಾಗುವ ಉಪಾಯಗಳನ್ನೆಲ್ಲ ಒಟ್ಟಾಗಿ ಪೂರಕ ಹಾಗೂ ಪರ್ಯಾಯ ಸಂವಹನ ಎಂದು ಕರೆಯುವುದು ರೂಢಿ. ಈ ಉಪಾಯಗಳಲ್ಲಿ ಬಹುಪಾಲು ಒಂದು ಸಂಗತಿಯನ್ನು ವಿಚಾರಿಸದೆಯೇ ಒಪ್ಪಿಕೊಂಡಿವೆ: ಮಗುವಿಗೆ ಬಾಯಿ ಸಹಕರಿಸದಿದ್ದರೂ ಕಣ್ಣು ಸಹಕರಿಸುತ್ತದೆ ಎಂಬುದೇ ಆ ಸಂಗತಿ.

ಈ ಗ್ರಹಿಕೆ ಸಲ್ಲದ ಮಕ್ಕಳ ವರ್ಗವೊಂದುಂಟು. ಅವರ ಕಣ್ಣು ನೋಡುವವರಿಗೆ ಸ್ವಸ್ಥವಾಗಿಯೇ ತೋರುತ್ತದೆ. ಆದರೆ ಕಣ್ಣು ಕಳುಹಿಸಿದ ವಾರ್ತೆಯನ್ನು ಮಿದುಳು ಸರಿಯಾಗಿ ಗ್ರಹಿಸಲಾರದು. ಅಂಥ ಮಗುವಿನ ಮುಂದೆ ಹತ್ತಾರು ಚಿತ್ರಗಳ ಫಲಕವನ್ನಿರಿಸಿ, ಅದು ಯಾವುದನ್ನೂ ಮುಟ್ಟದಿದ್ದಾಗ ‘ಇದಕ್ಕೆ ತಿಳಿವಳಿಕೆ ಸಾಲದು’ ಎಂದು ತೀರ್ಮಾನಿಸಿದರೆ, ಸಾಧನದ ದೋಷವನ್ನು ಮಗುವಿನ ಮೇಲೆ ಹೊರಿಸಿದಂತಾಗುತ್ತದೆ. ಆ ತೀರ್ಮಾನ ಒಮ್ಮೆ ದಾಖಲೆಯಲ್ಲಿ ಸೇರಿತೆಂದರೆ ಮಗುವಿನ ಶಾಲೆ, ಶಿಕ್ಷಣ, ಮುಂದಿನ ಬದುಕು ಎಲ್ಲವೂ ಅದನ್ನೇ ಅನುಸರಿಸುತ್ತವೆ. ಆದುದರಿಂದ ಈ ದೃಷ್ಟಿದೋಷದ ಸ್ವರೂಪವೇನು, ರೂಢಿಯ ಸಾಧನಗಳು ಎಲ್ಲಿ ಸೋಲುತ್ತವೆ, ಅವುಗಳನ್ನು ಹೇಗೆ ಮಾರ್ಪಡಿಸಬಹುದು ಎಂಬ ಮೂರು ವಿಷಯಗಳನ್ನು ಇಲ್ಲಿ ಸಂಗ್ರಹವಾಗಿ ವಿವೇಚಿಸಲಾಗಿದೆ.

ದೋಷದ ಸ್ವರೂಪ

ನೋಡುವ ಕೆಲಸ ಕಣ್ಣಿನಲ್ಲಿ ಆರಂಭವಾಗುತ್ತದೆಯೇ ಹೊರತು ಅಲ್ಲಿಯೇ ಮುಗಿಯುವುದಿಲ್ಲ. ಅಕ್ಷಿಪಟಲದ ಮೇಲೆ ಬಿದ್ದ ಬಿಂಬ ನರತಂತುಗಳ ಮೂಲಕ ಮಿದುಳಿನ ಹಿಂಭಾಗವನ್ನು ತಲುಪಿ, ಅಲ್ಲಿಂದ ಮುಂದೆ ಹಲವು ಪ್ರದೇಶಗಳಿಗೆ ಹಂಚಿಕೆಯಾದ ಮೇಲೆಯೇ ‘ಇದು ಲೋಟ’, ‘ಇದು ಅಮ್ಮನ ಮುಖ’ ಎಂಬ ಅರಿವು ಮೂಡುತ್ತದೆ. ಈ ಮಾರ್ಗದಲ್ಲಿ ಎಲ್ಲಿಯಾದರೂ ಹಾನಿಯಾದರೆ ಕಣ್ಣು ನಿರ್ದುಷ್ಟವಾಗಿದ್ದರೂ ನೋಟ ಕುಂದುತ್ತದೆ. ಇದನ್ನೇ ಮಿದುಳುಜನ್ಯ ದೃಷ್ಟಿಮಾಂದ್ಯವೆನ್ನುತ್ತಾರೆ. ವೈದ್ಯರ ನಡುವೆ ಸಿ.ವಿ.ಐ. ಎಂಬ ಸಂಕ್ಷಿಪ್ತ ನಾಮ ಬಳಕೆಯಲ್ಲಿದೆ.

ಈ ತಿಳಿವಳಿಕೆಯ ಮೂಲವನ್ನು ಯುದ್ಧದ ಆಸ್ಪತ್ರೆಗಳಲ್ಲಿ ಕಾಣಬಹುದು. ೧೯೦೪-೦೫ರ ರಷ್ಯ-ಜಪಾನ್ ಯುದ್ಧದಲ್ಲಿ ತಲೆಗೆ ಗುಂಡು ತಗುಲಿ ಬದುಕುಳಿದ ಸೈನಿಕರನ್ನು ಪರೀಕ್ಷಿಸಿದ ಜಪಾನಿನ ನೇತ್ರವೈದ್ಯ ತತ್ಸುಜಿ ಇನೊಯೆ, ಮಿದುಳಿನ ಹಿಂಭಾಗದ ಯಾವ ತಾಣ ದೃಷ್ಟಿಕ್ಷೇತ್ರದ ಯಾವ ಭಾಗಕ್ಕೆ ಸಂಬಂಧಿಸಿದುದೆಂಬುದನ್ನು ಗುರುತಿಸಿ ೧೯೦೯ರಲ್ಲಿ ಪ್ರಕಟಿಸಿದನು. ಅದೇ ವರ್ಷ ಹಂಗೇರಿಯ ವೈದ್ಯ ಬಾಲಿಂಟ್, ಒಂದು ಸಲಕ್ಕೆ ಒಂದು ವಸ್ತುವನ್ನಲ್ಲದೆ ಎರಡನ್ನು ಕಾಣಲಾರದ ರೋಗಿಯೊಬ್ಬನನ್ನು ವರ್ಣಿಸಿದನು. ೧೯೧೭ರಲ್ಲಿ ಬ್ರಿಟನ್ನಿನ ವೈದ್ಯ ರಿಡಾಕ್, ಸ್ಥಿರವಾದ ವಸ್ತುವನ್ನು ಕಾಣದ ಗಾಯಾಳುಗಳು ಚಲಿಸುವ ವಸ್ತುವನ್ನು ಗುರುತಿಸಬಲ್ಲರೆಂದು ತೋರಿಸಿದನು. ಶತಮಾನದ ಹಿಂದಿನ ಈ ಮೂರು ಸಂಗತಿಗಳೂ ಇಂದಿನ ಮಕ್ಕಳ ವಿಷಯದಲ್ಲಿ ನೇರವಾಗಿ ಉಪಯುಕ್ತವಾಗಿವೆ. ನೋಟದ ಒಂದು ಭಾಗ ಮಾತ್ರ ಇಲ್ಲದಿರಬಹುದು. ಗುಂಪಿನಲ್ಲಿ ಕಾಣದುದು ಒಂಟಿಯಾಗಿದ್ದಾಗ ಕಾಣಬಹುದು. ನಿಂತಾಗ ಕಾಣದುದು ಅಲುಗಿದಾಗ ಕಾಣಬಹುದು.

ಮಕ್ಕಳಲ್ಲಿ ಕಾರಣಗಳು ಬೇರೆ. ಹೆರಿಗೆಯ ಸಮಯದಲ್ಲಿ ಮಿದುಳಿಗೆ ಆಮ್ಲಜನಕವೂ ರಕ್ತವೂ ಸಾಲದಾಗುವುದು, ಅವಧಿಗೆ ಮುನ್ನ ಜನನ, ನವಜಾತ ಶಿಶುವಿನ ರಕ್ತದಲ್ಲಿ ಸಕ್ಕರೆಯ ಅಂಶ ಕುಸಿಯುವುದು, ಮಿದುಳಿನ ಪೊರೆಯ ಸೋಂಕು, ತಲೆಯಲ್ಲಿ ನೀರು ತುಂಬುವುದು, ಪೆಟ್ಟು, ಇವು ಮುಖ್ಯವಾದವು. ಸಕ್ಕರೆಯ ಕುಸಿತದಿಂದಾಗುವ ಹಾನಿ ಮಿದುಳಿನ ಹಿಂಭಾಗದಲ್ಲಿಯೇ ಹೆಚ್ಚಾಗಿ ಕಾಣುತ್ತದೆ. ಅವಧಿಗೆ ಬಹಳ ಮುಂಚೆ ಹುಟ್ಟಿದ ಶಿಶುಗಳಲ್ಲಿ ಮಿದುಳಿನ ಒಳಕುಹರಗಳ ಅಂಚಿನ ಬಿಳಿಯ ದ್ರವ್ಯ ಹಾನಿಗೊಳ್ಳುವುದುಂಟು. ಕಾಲುಗಳಿಗೆ ಆಜ್ಞೆ ಒಯ್ಯುವ ತಂತುಗಳೂ ದೃಷ್ಟಿಯ ತಂತುಗಳೂ ಅಲ್ಲಿ ಹಾದುಹೋಗುವುದರಿಂದ ಚಲನದ ದೋಷ, ನೋಟದ ದೋಷ ಎರಡೂ ಒಟ್ಟಿಗೆ ಬರುತ್ತವೆ. ಸೆರೆಬ್ರಲ್ ಪಾಲ್ಸಿ ಎಂದು ಹೆಸರಾದ ಚಲನದೋಷವುಳ್ಳ ಮಕ್ಕಳಲ್ಲಿ ಈ ದೃಷ್ಟಿಮಾಂದ್ಯ ಪದೇ ಪದೇ ಕಂಡುಬರಲು ಕಾರಣವಿದು. ಆ ಮಕ್ಕಳಲ್ಲಿಯೇ ಮಾತಿನ ತೊಡಕೂ ಹೆಚ್ಚು. ಸಂವಹನ ಸಾಧನ ಯಾರಿಗೆ ಅತ್ಯಗತ್ಯವೋ ಅವರಲ್ಲಿಯೇ ಅದನ್ನು ನೋಡುವ ಶಕ್ತಿ ಕುಂದಿರುವ ಸಂಭವ ಹೆಚ್ಚೆಂದಾಯಿತು.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಆಶ್ರಯದಲ್ಲಿ ಸೇರಿದ ತಜ್ಞರು ೨೦೨೪ರಲ್ಲಿ ಪ್ರಕಟಿಸಿದ ನಿರೂಪಣೆಯಲ್ಲಿ ಒಂದು ಅಂಶ ಗಮನಾರ್ಹವಾದುದು. ಈ ದೋಷ ಇತರ ಬೆಳವಣಿಗೆಯ ದೋಷಗಳೊಡನೆ ಸೇರಿ ಇರಬಹುದಾದರೂ, ಇದು ಮೂಲತಃ ಭಾಷೆಯ ದೋಷವೂ ಅಲ್ಲ, ಕಲಿಕೆಯ ದೋಷವೂ ಅಲ್ಲ, ಸಾಮಾಜಿಕ ಸಂವಹನದ ದೋಷವೂ ಅಲ್ಲವೆಂದು ಅವರು ಸ್ಪಷ್ಟಪಡಿಸಿದ್ದಾರೆ.

ಸಾಧನಗಳು ಬೆಳೆದುಬಂದ ಬಗೆ

ಅಕ್ಷರಗಳನ್ನೂ ಪದಗಳನ್ನೂ ಬರೆದ ಸಂವಹನ ಫಲಕ ಅಮೆರಿಕದಲ್ಲಿ ೧೯೨೦ರ ದಶಕದಲ್ಲಿಯೇ ಬಳಕೆಗೆ ಬಂದಿತ್ತು. ೧೯೬೦ರ ಸುಮಾರಿಗೆ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ರೆಜ್ ಮೇಲಿಂಗ್ ಎಂಬಾತನು, ಕೊಳವೆಯಲ್ಲಿ ಉಸಿರನ್ನು ಊದಿ ಅಥವಾ ಎಳೆದು ಬೆರಳಚ್ಚು ಯಂತ್ರವನ್ನು ನಡೆಸುವ ಪಾಸಮ್ ಎಂಬ ಸಲಕರಣೆಯನ್ನು ರೂಪಿಸಿದನು. ಚಾರ್ಲ್ಸ್ ಬ್ಲಿಸ್ ೧೯೪೯ರಲ್ಲಿ ವಿಶ್ವಭಾಷೆಯಾಗಲೆಂದು ಪ್ರಕಟಿಸಿದ ರೇಖಾಸಂಕೇತಗಳನ್ನು ೧೯೭೧ರಲ್ಲಿ ಕೆನಡದ ಟೊರಾಂಟೊ ನಗರದಲ್ಲಿ ಶರ್ಲಿ ಮ್ಯಾಕ್‌ನಾಟನ್ ಮತ್ತು ಸಂಗಡಿಗರು ಮಾತಿಲ್ಲದ ಮಕ್ಕಳಿಗೆ ಕಲಿಸಿದರು. ೧೯೮೦ರ ದಶಕದಲ್ಲಿ ಸರಳ ರೇಖಾಚಿತ್ರಗಳ ಸಂಗ್ರಹಗಳು ಹರಡಿದವು. ೧೯೮೩ರಲ್ಲಿ ಈ ಕ್ಷೇತ್ರದ ಅಂತರರಾಷ್ಟ್ರೀಯ ಸಂಘ ಸ್ಥಾಪಿತವಾಯಿತು. ೨೦೧೦ರಲ್ಲಿ ಐಪ್ಯಾಡ್ ಬಂದ ಮೇಲೆ ಚಿತ್ರವನ್ನು ಮುಟ್ಟಿದೊಡನೆ ಪದವನ್ನು ನುಡಿಯುವ ವ್ಯವಸ್ಥೆ ಮನೆಮನೆಗೆ ನಿಲುಕುವಂತಾಯಿತು.

ಈ ಬೆಳವಣಿಗೆಯ ಉದ್ದಕ್ಕೂ ಚಿತ್ರಗಳ ಸಂಖ್ಯೆ ಏರುತ್ತ ಹೋದುದನ್ನು ಗಮನಿಸಬೇಕು. ಹೆಚ್ಚು ಚಿತ್ರಗಳೆಂದರೆ ಹೆಚ್ಚು ಪದಗಳು. ಹೆಚ್ಚು ಪದಗಳೆಂದರೆ ಹೆಚ್ಚು ಅಭಿವ್ಯಕ್ತಿ. ನೋಟ ಸರಿಯಾಗಿರುವ ಮಗುವಿನ ಮಟ್ಟಿಗೆ ಈ ತರ್ಕ ಒಪ್ಪತಕ್ಕುದೇ ಆಗಿದೆ.

ಚಿತ್ರಫಲಕ ಸೋಲುವ ಬಗೆ

ನಾಲ್ಕು ಸಾಲು, ಸಾಲಿಗೆ ಎಂಟರಂತೆ ಮೂವತ್ತೆರಡು ಚಿತ್ರಗಳುಳ್ಳ ಫಲಕವನ್ನು ಊಹಿಸಿಕೊಳ್ಳೋಣ. ಮಿದುಳುಜನ್ಯ ದೃಷ್ಟಿಮಾಂದ್ಯವುಳ್ಳ ಮಗುವಿಗೆ ಅದು ಐದು ಬಗೆಯಲ್ಲಿ ಅಡ್ಡಿಯಾಗಬಹುದು.

ಮೊದಲನೆಯದು ಸಂದಣಿ. ಒಂದರ ಪಕ್ಕದಲ್ಲೊಂದು ಒತ್ತಾಗಿರುವ ಚಿತ್ರಗಳಲ್ಲಿ ಒಂದನ್ನು ಬೇರ್ಪಡಿಸಿ ನೋಡುವುದು ಇಂಥ ಮಿದುಳಿಗೆ ಅತಿ ಕಷ್ಟ. ಹೂವಿನ ಚಿತ್ತಾರದ ಹಾಸಿಗೆಯ ಮೇಲೆ ಬಿದ್ದಿರುವ ಆಟಿಕೆಯನ್ನು ಕಾಣಲಾರದ ಮಗು, ಅದೇ ಆಟಿಕೆಯನ್ನು ಕಪ್ಪು ಬಟ್ಟೆಯ ಮೇಲಿರಿಸಿದಾಗ ಕೈಚಾಚಿ ಹಿಡಿಯುವುದುಂಟು.

ಎರಡನೆಯದು ಸ್ಥಾನ. ಅವಧಿಗೆ ಮುನ್ನ ಹುಟ್ಟಿದ ಮಕ್ಕಳಲ್ಲಿ ದೃಷ್ಟಿಕ್ಷೇತ್ರದ ಕೆಳಭಾಗ ಇಲ್ಲವಾಗಿರುವುದು ಸಾಮಾನ್ಯ. ಕೆಳಗಿನ ನೋಟಕ್ಕೆ ಸಂಬಂಧಿಸಿದ ತಂತುಗಳು ಮೇಲೆ ಹೇಳಿದ ಹಾನಿಯ ತಾಣಕ್ಕೆ ಸಮೀಪವಾಗಿರುವುದೇ ಇದಕ್ಕೆ ಕಾರಣ. ಗಾಲಿಕುರ್ಚಿಯ ಹಲಗೆಯ ಮೇಲೆ, ಮಡಿಲ ಎತ್ತರದಲ್ಲಿ, ಚಪ್ಪಟೆಯಾಗಿ ಇರಿಸಿದ ಸಾಧನ ಆ ಮಗುವಿನ ಪಾಲಿಗೆ ಇಲ್ಲದಂತೆಯೇ ಸರಿ.

ಮೂರನೆಯದು ಕಾಲ. ವಸ್ತುವನ್ನು ಮುಂದಿಟ್ಟ ಕೂಡಲೆ ನೋಟ ಅದರತ್ತ ಹರಿಯುವುದಿಲ್ಲ. ಕೆಲವು ಮಕ್ಕಳಿಗೆ ಹತ್ತು ಹದಿನೈದು ಸೆಕೆಂಡುಗಳು, ದಣಿದಿರುವಾಗ ಅದಕ್ಕೂ ಹೆಚ್ಚು ಹೊತ್ತು ಬೇಕಾಗುತ್ತದೆ. ಪರೀಕ್ಷಿಸುವವರು ಮೂರು ಸೆಕೆಂಡು ಕಾದು ಫಲಕವನ್ನು ಹಿಂದಕ್ಕೆ ತೆಗೆದರೆ ಮಗು ನೋಡಲು ತೊಡಗುವ ಮುನ್ನವೇ ಪರೀಕ್ಷೆ ಮುಗಿದಿರುತ್ತದೆ.

ನಾಲ್ಕನೆಯದು ಇಂದ್ರಿಯಗಳ ಸ್ಪರ್ಧೆ. ಇಂಥ ಮಕ್ಕಳಲ್ಲಿ ಹಲವರು ಕೇಳುತ್ತಿರುವಾಗ ನೋಡಲಾರರು. ‘ನೋಡು, ನೋಡು’ ಎಂದು ಪಕ್ಕದಲ್ಲಿ ಕುಳಿತವರು ಹೇಳುತ್ತಲೇ ಇದ್ದರೆ ಆ ದನಿಯೇ ನೋಟಕ್ಕೆ ತಡೆಯಾಗುತ್ತದೆ.

ಐದನೆಯದು ಸಂಕೇತದ ಅಮೂರ್ತತೆ. ಕಪ್ಪು ಗೆರೆಯಲ್ಲಿ ಬರೆದ ಬಟ್ಟಲಿನ ಚಿತ್ರಕ್ಕೂ ತಾನು ದಿನವೂ ಹಿಡಿಯುವ ಬಟ್ಟಲಿಗೂ ಸಂಬಂಧವುಂಟೆಂಬುದನ್ನು ನಾವು ಸಾವಿರಾರು ಸಲ ನೋಡಿ ಕಲಿತಿದ್ದೇವೆ. ಸ್ಪಷ್ಟವಾಗಿ ನೋಡಿಯೇ ಇಲ್ಲದ ಮಗುವಿಗೆ ಆ ಅಭ್ಯಾಸ ಎಲ್ಲಿಂದ ಬಂದೀತು?

ಕಣ್ಣಿನ ಚಲನವನ್ನು ಅವರಕ್ತ ಬೆಳಕಿನ ನೆರವಿನಿಂದ ಅರಿತು, ನೋಟ ನೆಟ್ಟ ಪದವನ್ನು ನುಡಿಯುವ ಯಂತ್ರಗಳು ಈಗ ದೊರೆಯುತ್ತವೆ. ಕೈಯಾಡದ ಅನೇಕರಿಗೆ ಅವು ಅಮೂಲ್ಯವಾಗಿವೆ. ಆದರೆ ಇಲ್ಲಿ ಎಚ್ಚರ ಬೇಕು. ಈ ದೋಷವುಳ್ಳ ಮಗು ಓರೆನೋಟದಿಂದ ನೋಡುವುದುಂಟು. ಒಮ್ಮೆ ನೋಡಿ, ಮುಖ ತಿರುಗಿಸಿ, ಅನಂತರ ಕೈಚಾಚುವುದೂ ಉಂಟು. ಯಂತ್ರಕ್ಕೆ ತಿಳಿಯುವುದು ಪಾಪೆಯ ದಿಕ್ಕು ಮಾತ್ರ; ಮಗುವಿನ ಗಮನ ಎಲ್ಲಿದೆಯೆಂಬುದನ್ನು ಅದು ಅರಿಯಲಾರದು. ಆದುದರಿಂದ ಯಂತ್ರದ ಫಲಿತಾಂಶವನ್ನೇ ಮಗುವಿನ ಅಭಿಪ್ರಾಯವೆಂದಾಗಲಿ, ಅಸಾಮರ್ಥ್ಯದ ಸಾಕ್ಷ್ಯವೆಂದಾಗಲಿ ತಿಳಿಯಲಾಗದು.

ನೋಟಕ್ಕೆ ಅನುಕೂಲಿಸುವ ಮಾರ್ಪಾಡುಗಳು

ಮೇಲಿನ ಐದು ಅಡ್ಡಿಗಳಲ್ಲಿ ಮೊದಲ ನಾಲ್ಕಕ್ಕೆ ಪರಿಹಾರಗಳು ಬಹಳ ವೆಚ್ಚದವಲ್ಲ. ಹಿನ್ನೆಲೆಯನ್ನು ಕಪ್ಪಾಗಿಸಿ, ಒಂದು ಅಥವಾ ಎರಡು ವಸ್ತುಗಳನ್ನು ಮಾತ್ರ ದೂರದೂರವಾಗಿ ಇರಿಸಬೇಕು. ಮಗು ಯಾವ ಬಣ್ಣಕ್ಕೆ ಬೇಗ ಸ್ಪಂದಿಸುತ್ತದೆಂಬುದನ್ನು ಗಮನಿಸಿ ಅದನ್ನು ಬಳಸಬೇಕು. ಗಾಢವಾದ ಕೆಂಪು, ಹಳದಿಗಳು ಹಲವರಿಗೆ ಒಗ್ಗುತ್ತವೆ. ಸಾಧನವನ್ನು ಇಳಿಜಾರು ಹಲಗೆಯ ಮೇಲೆ ಎತ್ತರಿಸಿ, ಮಗು ಚೆನ್ನಾಗಿ ನೋಡಬಲ್ಲ ಪಕ್ಕಕ್ಕೆ ಸರಿಸಬೇಕು. ವಸ್ತುವನ್ನು ಮೆಲ್ಲನೆ ಅಲುಗಿಸಿದರೆ ನೋಟ ಅದರತ್ತ ಹರಿಯಬಹುದು. ಒಳಗಿನಿಂದ ಬೆಳಗುವ ಪರದೆ ಕೆಲವರಿಗೆ ಸಹಾಯಕ. ಆದರೆ ಸೂರಿನ ದೀಪ ಅದರಲ್ಲಿ ಪ್ರತಿಫಲಿಸಬಾರದು. ಮೂರ್ಛೆರೋಗವೂ ಇರುವ ಮಕ್ಕಳು ಅನೇಕರಿರುವುದರಿಂದ ಮಿನುಗುವ ಬೆಳಕನ್ನು ವೈದ್ಯರ ಸಲಹೆಯಿಲ್ಲದೆ ಉಪಯೋಗಿಸಕೂಡದು. ಒಂದು ಸಂಕೇತಕ್ಕೆ ಒಂದು ಸ್ಥಾನವನ್ನು ಗೊತ್ತುಪಡಿಸಿದ ಮೇಲೆ ಅದನ್ನು ಬದಲಾಯಿಸದಿರುವುದು ಮುಖ್ಯ. ನೋಟ ಕೈಕೊಟ್ಟಾಗ ಸ್ಥಾನದ ನೆನಪು ಕೈಹಿಡಿಯುತ್ತದೆ.

ಅಮೆರಿಕದ ಶಿಕ್ಷಣತಜ್ಞೆ ಕ್ರಿಸ್ಟೀನ್ ರೋಮನ್-ಲಾಂಟ್ಜಿ ೨೦೦೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬಣ್ಣ, ಚಲನ, ವಿಳಂಬ, ದೃಷ್ಟಿಕ್ಷೇತ್ರ, ಸಂಕೀರ್ಣತೆ, ಬೆಳಕು, ದೂರ ಮುಂತಾದ ಹತ್ತು ಲಕ್ಷಣಗಳನ್ನು ಎಣಿಸಿ, ಅವುಗಳ ಆಧಾರದಿಂದ ಮಗುವಿನ ನೋಟವನ್ನು ಅಳೆಯುವ ಕ್ರಮವನ್ನು ನಿರೂಪಿಸಿದ್ದಾರೆ. ಬ್ರಿಟನ್ನಿನ ನೇತ್ರತಜ್ಞ ಗಾರ್ಡನ್ ಡಟನ್, ಮಗುವಿನ ದಿನನಿತ್ಯದ ವರ್ತನೆಯನ್ನು ಕುರಿತು ತಂದೆತಾಯಿಗಳನ್ನು ಕ್ರಮವಾಗಿ ಪ್ರಶ್ನಿಸುವ ವಿಧಾನಕ್ಕೆ ಪ್ರಾಶಸ್ತ್ಯ ಕೊಟ್ಟಿದ್ದಾರೆ. ಮಿದುಳು ಬೆಳೆಯುತ್ತಿರುವ ವಯಸ್ಸಿನಲ್ಲಿ ನೋಟ ಸುಧಾರಿಸುವುದೂ ಉಂಟಾದುದರಿಂದ, ಒಮ್ಮೆ ಮಾಡಿದ ಅಳತೆಯನ್ನು ಆಗಾಗ ಮತ್ತೆ ಮಾಡಬೇಕು.

ಸ್ಪರ್ಶದ ಸಂಕೇತಗಳು

ಐದನೆಯ ಅಡ್ಡಿಗೆ, ಎಂದರೆ ಸಂಕೇತದ ಅಮೂರ್ತತೆಗೆ, ಪರಿಹಾರವನ್ನು ಸ್ಪರ್ಶದಲ್ಲಿ ಹುಡುಕಬೇಕು. ನೆದರ್ಲೆಂಡ್ಸಿನಲ್ಲಿ ಕಿವುಡುಕುರುಡು ಮಕ್ಕಳೊಡನೆ ದುಡಿದ ಯಾನ್ ವಾನ್ ಡೈಕ್ ೧೯೬೦ರ ದಶಕದಲ್ಲಿಯೇ ವಸ್ತುಗಳನ್ನು ಪದಗಳಂತೆ ಬಳಸುವ ಮಾರ್ಗವನ್ನು ತೋರಿದ್ದರು. ಅಮೆರಿಕದ ಆರೆಗನ್ ರಾಜ್ಯದಲ್ಲಿ ಚಾರಿಟಿ ರೋಲಂಡ್ ಮತ್ತು ಫಿಲಿಪ್ ಷ್ವೈಗರ್ಟ್ ಅದನ್ನು ಕ್ರಮಬದ್ಧವಾಗಿ ವಿಸ್ತರಿಸಿದರು. ಊಟಕ್ಕೆ ಚಮಚ, ನೀರಿಗೆ ಲೋಟ, ಸ್ನಾನಕ್ಕೆ ಟವಲಿನ ತುಂಡು, ಹೀಗೆ ಮಗುವಿನ ಅನುಭವಕ್ಕೆ ಬಂದ ವಸ್ತುವೇ ಸಂಕೇತವಾಗುತ್ತದೆ.

ಇಲ್ಲೊಂದು ಸೂಕ್ಷ್ಮವುಂಟು. ಕಾರಿನಲ್ಲಿ ಹೋಗೋಣವೆಂದು ತಿಳಿಸಲು ಪುಟ್ಟ ಪ್ಲಾಸ್ಟಿಕ್ ಕಾರನ್ನು ಕೈಗಿತ್ತರೆ ಪ್ರಯೋಜನವಿಲ್ಲ. ಆ ಆಟಿಕೆ ಕಣ್ಣಿಗೆ ಕಾರಿನಂತೆ ಕಾಣುತ್ತದೆಯೇ ಹೊರತು ಕೈಗೆ ಕಾರಿನಂತೆ ತಾಗುವುದಿಲ್ಲ. ಕಾರಿನಲ್ಲಿ ಕುಳಿತ ಮಗು ತನ್ನ ಮೈಯಲ್ಲಿ ಅನುಭವಿಸಿದ್ದು ಆಸನದ ಪಟ್ಟಿಯನ್ನು. ಆದುದರಿಂದ ಅಂಥ ಪಟ್ಟಿಯ ತುಂಡೊಂದು ಕಾರಿಗೆ ಸರಿಯಾದ ಸಂಕೇತ. ಇಂಥ ವಸ್ತುವನ್ನು ದೊಡ್ಡ ಗುಂಡಿಯುಳ್ಳ ಧ್ವನಿಮುದ್ರಣ ಸಾಧನಕ್ಕೆ ಅಂಟಿಸಿದರೆ, ಮಗು ವಸ್ತುವನ್ನು ತಡವಿ ಗುರುತಿಸಿ, ಒತ್ತಿ, ಪದವನ್ನು ನುಡಿಸಬಹುದು.

ಕೇಳಿ ಆರಿಸುವ ಕ್ರಮ

ವಸ್ತುಗಳಿಂದ ಹತ್ತಿಪ್ಪತ್ತು ಪದಗಳವರೆಗೆ ಸಾಗಬಹುದು. ಭಾಷೆ ಅಷ್ಟಕ್ಕೆ ತೃಪ್ತಿಪಡುವುದಿಲ್ಲ. ನೋಟವನ್ನು ನಂಬದೆ ನೂರಾರು ಪದಗಳನ್ನು ಒದಗಿಸುವ ಉಪಾಯ ಶ್ರವಣಕ್ಕೆ ಸೇರಿದುದು. ಸಾಧನ ಪದಗಳನ್ನು ಒಂದಾದ ಮೇಲೊಂದರಂತೆ ಮೆಲುದನಿಯಲ್ಲಿ ಹೇಳುತ್ತ ಹೋಗುತ್ತದೆ. ತನಗೆ ಬೇಕಾದ ಪದ ಬಂದಾಗ ಮಗು ಸ್ವಿಚ್ಚನ್ನು ಒತ್ತುತ್ತದೆ. ಆಗ ಸಾಧನ ಆ ಪದವನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ನುಡಿಯುತ್ತದೆ.

ಪದಗಳ ಜೋಡಣೆಗೆ ಇಲ್ಲಿ ಬಹಳ ಮಹತ್ವವುಂಟು. ಮೂವತ್ತೆರಡು ಪದಗಳನ್ನು ಪದಕ್ಕೆ ಎರಡು ಸೆಕೆಂಡಿನಂತೆ ಸಾಲಾಗಿ ಹೇಳಿದರೆ ಕೊನೆಯ ಪದಕ್ಕಾಗಿ ಅರುವತ್ತನಾಲ್ಕು ಸೆಕೆಂಡು ಕಾಯಬೇಕು. ಅವನ್ನೇ ‘ತಿಂಡಿ’, ‘ಆಟ’, ‘ಜನ’, ‘ಮೈ’ ಎಂಬ ನಾಲ್ಕು ಗುಂಪುಗಳಾಗಿ ಮಾಡಿ, ಮೊದಲು ಗುಂಪಿನ ಹೆಸರನ್ನೂ ಆಮೇಲೆ ಅದರೊಳಗಿನ ಎಂಟು ಪದಗಳನ್ನೂ ಹೇಳಿದರೆ ಅತಿ ಹೆಚ್ಚೆಂದರೆ ಹನ್ನೆರಡು ಹೆಜ್ಜೆ, ಇಪ್ಪತ್ತನಾಲ್ಕು ಸೆಕೆಂಡು ಸಾಕು. ಪದೇ ಪದೇ ಬೇಕಾಗುವ ಪದವನ್ನು ಗುಂಪಿನ ಮೊದಲಿಗಿಟ್ಟರೆ ಕಾಲ ಇನ್ನೂ ಉಳಿಯುತ್ತದೆ.

ಒಂದೇ ಸ್ವಿಚ್ಚಿನ ಕ್ರಮದಲ್ಲಿ ಯಂತ್ರವೇ ಮುಂದೆ ಸಾಗುವುದರಿಂದ ಮಗು ಅದರ ವೇಗಕ್ಕೆ ಹೊಂದಿಕೊಳ್ಳಬೇಕು. ಸ್ನಾಯುಗಳು ಬಿಗಿದ ಮಗುವಿಗೆ ಸರಿಯಾದ ಕ್ಷಣದಲ್ಲಿ ಒತ್ತುವುದು ದುಸ್ಸಾಧ್ಯ. ಎರಡು ಸ್ವಿಚ್ಚುಗಳಿದ್ದರೆ ಒಂದನ್ನೊತ್ತಿ ಮುಂದಿನ ಪದಕ್ಕೆ ಸಾಗಬಹುದು, ಇನ್ನೊಂದನ್ನೊತ್ತಿ ಆರಿಸಬಹುದು. ಕಾಲ ಮಗುವಿನ ವಶದಲ್ಲಿರುತ್ತದೆ. ಒಂದಕ್ಕೆ ನಯವಾದ ಬಟ್ಟೆ, ಇನ್ನೊಂದಕ್ಕೆ ಒರಟು ಬಟ್ಟೆ ಸುತ್ತಿದರೆ ನೋಡದೆಯೇ ಅವನ್ನು ಬೇರ್ಪಡಿಸಬಹುದು.

ಯಂತ್ರವಿಲ್ಲದೆಯೂ ಇದು ಸಾಧ್ಯ. ಆಸ್ಟ್ರೇಲಿಯದ ಗೇಲ್ ಪೋರ್ಟರ್ ರೂಪಿಸಿದ ಸಂವಹನ ಪುಸ್ತಕಗಳ ಪದ್ಧತಿಯಲ್ಲಿ, ಪಕ್ಕದಲ್ಲಿರುವವರು ಪದಗಳನ್ನು ಕ್ರಮವಾಗಿ ಓದಿ ಹೇಳುವುದೂ, ಮಗು ತಲೆಯಾಡಿಸಿಯೋ ಕೈಯೆತ್ತಿಯೋ ಒಪ್ಪಿಗೆ ಸೂಚಿಸುವುದೂ ಒಂದು ಮಾರ್ಗ. ಓದುವವರು ದನಿಯನ್ನು ಒಂದೇ ಸಮನಾಗಿಟ್ಟು, ತಮ್ಮ ಊಹೆಯ ಪದಕ್ಕೆ ಒತ್ತು ಕೊಡದೆ, ಪ್ರತಿಯೊಂದರ ತರುವಾಯವೂ ಕಾಯಬೇಕು. ಪಟ್ಟಿಯ ಕೊನೆಯಲ್ಲಿ ‘ಇದಾವುದೂ ಅಲ್ಲ’ ಎಂಬ ಆಯ್ಕೆ ಇರಲೇಬೇಕು. ಅದಿಲ್ಲದಿದ್ದರೆ ಮಗು ನಾವು ಊಹಿಸಿದುದನ್ನು ಮಾತ್ರ ಹೇಳಬಲ್ಲುದಾಗುತ್ತದೆ.

ಕನ್ನಡದ ಮಟ್ಟಿಗೆ

ಶ್ರವಣವನ್ನು ಆಧಾರವಾಗಿ ಕೈಕೊಂಡ ಮೇಲೆ ಭಾಷೆಯ ಧ್ವನಿರೂಪ ವಿಚಾರಕ್ಕೆ ಬರುತ್ತದೆ; ಬೇರೆ ಭಾಷೆಯ ಪಟ್ಟಿಯನ್ನು ಹಾಗೆಯೇ ಅನುವಾದಿಸಿದರೆ ಸಾಲದು. ಕನ್ನಡದಲ್ಲಿ ‘ಬೇಕು’, ‘ಬೇಡ’, ‘ಸಾಕು’ ಎಂಬ ಪದಗಳು ಒಂದೊಂದೇ ನಿಂತು ಪೂರ್ಣವಾಕ್ಯದ ಕೆಲಸ ಮಾಡಬಲ್ಲವು. ಕಲಿಯತೊಡಗಿದ ಮಗುವಿಗೆ ಇದು ದೊಡ್ಡ ಅನುಕೂಲ. ಆದರೆ ‘ಬೇಕು’, ‘ಬೇಡ’ ಎರಡೂ ಒಂದೇ ಅಕ್ಷರದಿಂದ ಆರಂಭವಾಗುತ್ತವೆ. ‘ಬೇಕು’, ‘ಸಾಕು’ ಎರಡೂ ಒಂದೇ ಅಕ್ಷರದಲ್ಲಿ ಮುಗಿಯುತ್ತವೆ. ಮೂರರ ಉದ್ದವೂ ಒಂದೇ. ಮೆಲುದನಿಯಲ್ಲಿ, ಅವಸರದಲ್ಲಿ ಕೇಳುವ ಮಗುವಿಗೆ ಇವು ಗೊಂದಲವನ್ನುಂಟುಮಾಡಬಹುದು. ಮೊದಲಕ್ಷರವನ್ನು ಕೇಳಿದೊಡನೆ ಒತ್ತುವ ಮಗು ‘ಬೇಡ’ ಎನ್ನಬೇಕಾದೆಡೆ ‘ಬೇಕು’ ಎಂದು ನುಡಿಸಿಬಿಟ್ಟೀತು. ಇವನ್ನು ಪಟ್ಟಿಯಲ್ಲಿ ಅಕ್ಕಪಕ್ಕದಲ್ಲಿಡದಿರುವುದು, ಒಂದನ್ನು ತಾಯಿಯ ದನಿಯಲ್ಲೂ ಇನ್ನೊಂದನ್ನು ತಂದೆಯ ದನಿಯಲ್ಲೂ ಮುದ್ರಿಸುವುದು, ಅಥವಾ ‘ಬೇಡ’ಕ್ಕೆ ತಲೆಯಾಡಿಸುವ ಸನ್ನೆಯನ್ನೇ ಉಳಿಸಿಕೊಳ್ಳುವುದು, ಈ ಉಪಾಯಗಳನ್ನು ಪರೀಕ್ಷಿಸಿ ನೋಡತಕ್ಕುದಾಗಿದೆ.

ಧ್ವನಿಮುದ್ರಣ ಸಾಧನಕ್ಕೆ ತನ್ನದೇ ಆದ ಭಾಷೆ ಇಲ್ಲ. ನಾವು ಆಡಿದುದನ್ನೇ ಅದು ಆಡುತ್ತದೆ. ಆದುದರಿಂದ ಧಾರವಾಡದ ಕಡೆಯ ಮನೆಯಲ್ಲಿ ‘ಬ್ಯಾಡ’ ಎಂಬುದನ್ನೇ ಕೇಳಿ ಬೆಳೆದ ಮಗುವಿಗೆ ಹಾಗೆಯೇ ಮುದ್ರಿಸಿಕೊಡಬೇಕು. ಅದೇ ಪ್ರಾಂತದ, ಅದೇ ವಯಸ್ಸಿನ ಮಗುವೊಂದರ ಕಂಠ ದೊರೆತರೆ ಇನ್ನೂ ಉತ್ತಮ. ತಾಯಿಗೆ ‘ಕೊಡು’ ಎಂದೂ ಉಪಾಧ್ಯಾಯರಿಗೆ ‘ಕೊಡಿ’ ಎಂದೂ ಹೇಳುವ ಮನೆಯ ಮಗುವಿಗೆ ಎರಡು ರೂಪಗಳೂ ಬೇಕಾಗುತ್ತವೆ. ಒಂದನ್ನೇ ಕೊಟ್ಟರೆ ಮಗು ಅರಿಯದೆಯೇ ಅವಿನಯಿ ಎನಿಸಿಕೊಂಡೀತು.

ಪರೀಕ್ಷೆ ಮತ್ತು ತೀರ್ಪು

ನಮ್ಮ ದೇಶದ ೨೦೧೬ರ ವಿಕಲಾಂಗ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ ಸಂವಹನವೆಂಬ ಪದವನ್ನು ವಿಸ್ತಾರವಾಗಿ ನಿರೂಪಿಸಿ, ಸ್ಪರ್ಶದ ಸಂವಹನವನ್ನೂ ಪೂರಕ ಮತ್ತು ಪರ್ಯಾಯ ವಿಧಾನಗಳನ್ನೂ ಅದರಲ್ಲಿ ಸೇರಿಸಿದೆ. ಇದು ಸ್ವಾಗತಾರ್ಹ. ಆದರೆ ಅದೇ ಅಧಿನಿಯಮ ಮಂದದೃಷ್ಟಿಯನ್ನು ನಿರ್ಣಯಿಸುವುದು ೬/೧೮ ಮುಂತಾದ ದೃಷ್ಟಿತೀಕ್ಷ್ಣತೆಯ ಅಂಕೆಗಳಿಂದ ಹಾಗೂ ದೃಷ್ಟಿಕ್ಷೇತ್ರದ ಅಳತೆಯಿಂದ. ಒಂಟಿಯಾಗಿ ತೋರಿಸಿದ ಅಕ್ಷರವನ್ನು ಗುರುತಿಸಿ, ಸಂದಣಿಯಲ್ಲಿ ಅದನ್ನೇ ಕಳೆದುಕೊಳ್ಳುವ ಮಗುವಿನ ಕಷ್ಟ ಈ ಅಂಕೆಗಳಲ್ಲಿ ಮೂಡುವುದಿಲ್ಲ. ನೇತ್ರವೈದ್ಯರು ‘ಕಣ್ಣಿನಲ್ಲಿ ದೋಷವಿಲ್ಲ’ ಎಂದರೆ ಅದು ಸತ್ಯವೇ. ಅದನ್ನು ‘ನೋಟದಲ್ಲಿ ದೋಷವಿಲ್ಲ’ ಎಂದು ಓದಿಕೊಂಡಾಗ ಪ್ರಮಾದ ಆರಂಭವಾಗುತ್ತದೆ.

ಆದುದರಿಂದ ಮಾತಿಲ್ಲದ ಮಗುವಿಗೆ ಸಾಧನವನ್ನು ಆರಿಸುವ ಮುನ್ನ ಅದರ ನೋಟವನ್ನು ಪರೀಕ್ಷಿಸುವುದೂ, ಚಿತ್ರಗಳಿಂದ ನಡೆಸಿದ ಬುದ್ಧಿಪರೀಕ್ಷೆಯ ಅಂಕವನ್ನು ಆವರೆಗೆ ತಡೆದಿಡುವುದೂ ಯುಕ್ತ. ಅದೇ ಪ್ರಶ್ನೆಯನ್ನು ಚಿತ್ರದಲ್ಲೊಮ್ಮೆ, ವಸ್ತುವಿನಲ್ಲೊಮ್ಮೆ, ಬಾಯಿಮಾತಿನಲ್ಲೊಮ್ಮೆ ಕೇಳಿ ಉತ್ತರಗಳನ್ನು ಹೋಲಿಸಿದರೆ, ಸೋತುದು ತಿಳಿವಳಿಕೆಯೋ ನೋಟವೋ ಎಂಬುದು ಬಹುಮಟ್ಟಿಗೆ ಗೊತ್ತಾಗುತ್ತದೆ. ಇದಕ್ಕೆ ನೇತ್ರವೈದ್ಯರೂ ವಾಕ್ ಚಿಕಿತ್ಸಕರೂ ಉಪಾಧ್ಯಾಯರೂ ಒಂದೆಡೆ ಕುಳಿತು ವಿಚಾರಿಸುವುದು ಅವಶ್ಯಕ. ಮಗುವನ್ನು ಹಗಲಿರುಳು ಕಂಡ ತಾಯಿತಂದೆಗಳ ಸಾಕ್ಷ್ಯಕ್ಕೆ ಅಲ್ಲಿ ಮೊದಲ ಸ್ಥಾನವಿರಬೇಕು. ೧೯೬೫ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಸ್ಥಾಪಿತವಾದಂದಿನಿಂದ ಮಾತಿನ ದೋಷಗಳ ಅಧ್ಯಯನಕ್ಕೆ ನಮ್ಮ ನಾಡಿನಲ್ಲಿ ಭದ್ರವಾದ ನೆಲೆಯುಂಟು. ಕೇಳಿ ಆರಿಸುವ ಕ್ರಮಕ್ಕೆ ತಕ್ಕ ಕನ್ನಡ ಪದಪಟ್ಟಿಗಳು, ಅವುಗಳ ಪ್ರಾಂತೀಯ ರೂಪಗಳು, ನಮ್ಮ ಮನೆಗಳ ವಸ್ತುಗಳಿಂದ ಆಯ್ದ ಸ್ಪರ್ಶಸಂಕೇತಗಳು, ಇವು ಮೂರೂ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಬಹುದಾದ ಕೆಲಸಗಳು. ಇವಕ್ಕೆ ದೊಡ್ಡ ಯಂತ್ರಾಲಯ ಬೇಕಿಲ್ಲ; ಧ್ವನಿಮುದ್ರಣದ ಸಲಕರಣೆ, ಒಂದಿಷ್ಟು ಕಪ್ಪು ಬಟ್ಟೆ, ಮಗು ಉತ್ತರಿಸುವವರೆಗೆ ಕಾಯುವ ತಾಳ್ಮೆ, ಇವಿಷ್ಟರಿಂದಲೇ ಆರಂಭಿಸಬಹುದು.